ಮಾನ್ಯಖೇಟದ ಹೊನ್ನು

ಪರರ ವಿಚಾರವನ್ನೂ ಪರರ ಧರ್ಮವನ್ನೂ ಚೆನ್ನಾಗಿ ತಾಳಿಕೊಳ್ಳಬಲ್ಲ ಸಾಮರ್ಥ್ಯವೇ ಮನುಷ್ಯನ ನಿಜವಾದ ಹೊನ್ನು, ಅದನ್ನು ಪಡೆಯದವನು ಕಸವಾವುದು ಹೊನ್ನಾವುದು ಎಂಬುದನ್ನೇ ಅರಿಯದೆ ವೃಥಾ ಬಳಲುತ್ತಾನೆ ಎಂಬ ಆಶಯದ ಪದ್ಯವೊಂದು ಕವಿರಾಜಮಾರ್ಗದಲ್ಲಿದೆ. ಇಂದು ಸೇಡಂ ತಾಲ್ಲೂಕಿನ ಮಳಖೇಡವೆನಿಸಿ, ಕಾಗಿಣಾ ನದಿಯ ದಡದಲ್ಲಿ ಹಾಳುಕೋಟೆಯೊಂದನ್ನು ಉಳಿಸಿಕೊಂಡಿರುವ ಊರೇ ಅಂದಿನ ಮಾನ್ಯಖೇಟ. 814ರಿಂದ 878ರವರೆಗೆ ರಾಜ್ಯವಾಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ರಾಜಧಾನಿ. ಆತನ ಸಮ್ಮತಿಯನ್ನು ಪಡೆದು ಶ್ರೀವಿಜಯನು ರಚಿಸಿದನೆಂದು ಅನೇಕ ವಿದ್ವಾಂಸರು ಎಣಿಸಿರುವ ಈ ಗ್ರಂಥವು ಕಾವ್ಯಮಾರ್ಗವನ್ನು ತಿಳಿಸಹೊರಟ ಲಕ್ಷಣಶಾಸ್ತ್ರವಾಗಿದ್ದೂ, ಗುಣದೋಷಗಳ ವಿವೇಚನೆಯ ನಡುವೆ ಇಂತಹ ಮಾತನ್ನು ಆಡುವಷ್ಟು ಅವಕಾಶವನ್ನು ಇಟ್ಟುಕೊಂಡಿದೆಯೆಂಬುದು ನನಗೆ ಯಾವಾಗಲೂ ಸಂತೋಷವನ್ನು ಉಂಟುಮಾಡಿದೆ.

ಈ ಪದ್ಯವನ್ನು ಸಭೆಗಳಲ್ಲಿ ಉದ್ಧರಿಸುವವರು ಸಾಮಾನ್ಯವಾಗಿ ಅದರಿಂದ ಎಲ್ಲ ಧರ್ಮಗಳೂ ಒಂದೇ ಎಂಬ ತೀರ್ಮಾನವನ್ನು ಹೊರಡಿಸುತ್ತಾರೆ. ಪದ್ಯವು ಹಾಗೆ ಹೇಳುವುದಿಲ್ಲ. ಎಲ್ಲವೂ ಒಂದೇ ಆಗಿದ್ದರೆ ತಾಳಿಕೊಳ್ಳುವ ಪ್ರಮೇಯವೆಲ್ಲಿಂದ ಬಂದೀತು? ಸೈರಣೆಗೆ ಶಕ್ತಿ ಬೇಕೆಂದು ಕವಿ ಭಾವಿಸಿದುದು, ಪರವಿಚಾರವು ನಿಜವಾಗಿಯೂ ಪರವಾಗಿದೆ, ತನ್ನ ನಂಬಿಕೆಯ ಬುಡಕ್ಕೇ ತಾಗುವಂತಹುದಾಗಿದೆ ಎಂಬ ಅರಿವಿನಿಂದ. ಆ ಆಸ್ಥಾನದ ಸ್ಥಿತಿಯನ್ನು ನೆನೆದರೆ ಇದು ಸ್ಪಷ್ಟವಾಗುವುದು. ನೃಪತುಂಗನು ಗುರುವೆಂದು ಗೌರವಿಸಿದ ಜಿನಸೇನಾಚಾರ್ಯರು ತಮ್ಮ ಆದಿಪುರಾಣದಲ್ಲಿ, ಜಗತ್ತಿಗೆ ಕರ್ತೃವಾದ ಈಶ್ವರನೊಬ್ಬನಿರುವನೆಂಬ ವಾದವನ್ನು ಯುಕ್ತಿಯ ಮೇಲೆ ಯುಕ್ತಿಯನ್ನು ಹೂಡಿ ಖಂಡಿಸಿದ್ದಾರೆ. ಅದೇ ರಾಜ್ಯದ ತಾಮ್ರಶಾಸನಗಳಾದರೋ ವಿಷ್ಣುವನ್ನೂ ಶಿವನನ್ನೂ ಸ್ತುತಿಸಿ ಮೊದಲಾಗುತ್ತವೆ. ದೇವರು ಇರುವನೋ ಇಲ್ಲವೋ ಎಂಬಲ್ಲಿಯೇ ಭಿನ್ನಾಭಿಪ್ರಾಯವುಳ್ಳವರು ಒಂದೇ ಸಭೆಯಲ್ಲಿ ಕುಳಿತಿದ್ದ ಕಾಲದ ಮಾತಿದು.

ಆದುದರಿಂದ ಈ ಪದ್ಯದ ಅರ್ಥವನ್ನು ಸುಲಭವಾದ ಉದಾಹರಣೆಯಿಂದ ವಿವರಿಸುವುದು ಅದಕ್ಕೆ ಮಾಡುವ ಅಪಚಾರವಾದೀತು. ನಾನು ಕಠಿನವಾದುದೊಂದನ್ನು ಆರಿಸಿಕೊಳ್ಳುತ್ತೇನೆ. ಕಲಬುರಗಿ ಸೀಮೆಯಲ್ಲಿ ಮಸೀದಿಗೆ ಹೋಗುವವರೂ ಮೆಥೊಡಿಸ್ಟ್ ಸಭೆಗೆ ಹೋಗುವವರೂ ಒಂದೇ ಶಹಾಬಾದಿ ಕಲ್ಲನ್ನು ಹಾಸಿದ ಅಂಗಳಗಳಲ್ಲಿ ಬದುಕುವವರು. ಇಬ್ಬರೂ ಅಬ್ರಹಾಮನ ದೇವರನ್ನು ನಂಬುವವರು, ಇಬ್ಬರೂ ಮರಿಯಮ್ಮನ ಮಗನನ್ನು ಹೃದಯದಿಂದ ಪ್ರೀತಿಸುವವರು. ಒಬ್ಬರು ಆತನನ್ನು ಹಜ್ರತ್ ಈಸಾ ಎಂದು ಕರೆಯುತ್ತಾರೆ, ಮತ್ತೊಬ್ಬರು ಯೇಸುಸ್ವಾಮಿ ಎಂದು. ಆ ಒಬ್ಬನೇ ವ್ಯಕ್ತಿಯ ವಿಷಯದಲ್ಲಿ ಅವರ ನಡುವೆ ಇರುವ ಅಂತರವೋ, ಅಪರಿಚಿತರ ನಡುವೆ ಇರಬಹುದಾದ ಅಂತರಕ್ಕಿಂತ ಆಳವಾದುದು.

ಇಸ್ಲಾಮಿನ ದೃಷ್ಟಿಯಲ್ಲಿ ದೇವರು ಏಕಮಾತ್ರನು, ಹೆತ್ತವನಲ್ಲ, ಹುಟ್ಟಿದವನಲ್ಲ, ಸಮಾನರಿಲ್ಲದವನು; ಕುರ್‌ಆನಿನ 112ನೆಯ ಅಧ್ಯಾಯದ ಸಾರವಿಷ್ಟೆ. ಸೃಷ್ಟಿಕರ್ತನಿಗೂ ಸೃಷ್ಟಿಗೂ ನಡುವಣ ಗೆರೆಯನ್ನು ದಾಟಿಸಿ, ಯಾರನ್ನೇ ಆಗಲಿ ಆತನ ಪಾಲುಗಾರನೆಂದು ನಿಲ್ಲಿಸುವುದು ಅಲ್ಲಿ ಮಹಾಪಾತಕ. ಆದರೆ ದೇವರು ಮನುಷ್ಯನನ್ನು ಮೌನದಲ್ಲಿ ಕೈಬಿಟ್ಟವನಲ್ಲ. ಆದಮನಿಂದ ಮೊದಲ್ಗೊಂಡು ನೂಹ, ಇಬ್ರಾಹೀಮ, ಮೂಸಾ, ದಾವೂದ, ಈಸಾ ಇವರ ಮೂಲಕ ಮಾತನಾಡುತ್ತ ಬಂದು, ಮುಹಮ್ಮದ್ ಪೈಗಂಬರರಲ್ಲಿ ಆ ಪರಂಪರೆಗೆ ಮುದ್ರೆಯೊತ್ತಿದನು. ಪ್ರವಾದಿ ಎಷ್ಟೇ ಪೂಜ್ಯನಾದರೂ ಮನುಷ್ಯನೇ. ಉಂಡವನು, ನೊಂದವನು, ಸತ್ತು ಮತ್ತೆ ಎಬ್ಬಿಸಲ್ಪಡಬೇಕಾದವನು. ಈಸಾನ ವಿಷಯದಲ್ಲಿ ಕುರ್‌ಆನ್ ತೋರುವ ಗೌರವವು ಅಸಾಧಾರಣವಾದುದು: ಆತನು ಕನ್ಯೆಯಲ್ಲಿ ಜನಿಸಿದವನು, ದೇವರ ವಚನ, ಆತನಿಂದ ಬಂದ ಚೈತನ್ಯ, ರೋಗಿಗಳನ್ನು ಗುಣಪಡಿಸಿದವನು, ಆತನ ತಾಯಿ ಮರಿಯಮ್ ಆ ಗ್ರಂಥದಲ್ಲಿ ಹೆಸರಿನಿಂದ ಉಲ್ಲೇಖಗೊಂಡಿರುವ ಏಕೈಕ ಸ್ತ್ರೀ, 19ನೆಯ ಅಧ್ಯಾಯಕ್ಕೆ ಅವಳದೇ ನಾಮಧೇಯ. ಇಷ್ಟೆಲ್ಲವನ್ನೂ ಒಪ್ಪಿದ ಮೇಲೆ ಕುರ್‌ಆನ್ ಅಲ್ಲಿಯೇ ನಿಲ್ಲುತ್ತದೆ. ಆತನನ್ನು ದೇವಪುತ್ರನೆನ್ನಬೇಡಿ ಎನ್ನುತ್ತದೆ. ಆತನನ್ನು ಶತ್ರುಗಳು ಶಿಲುಬೆಗೇರಿಸಿದರೆಂಬುದನ್ನೂ ನಿರಾಕರಿಸುತ್ತದೆ.

ಕ್ರೈಸ್ತರಿಗೆ ಪ್ರವಾದಿಗಳು ಬೇಡವೆಂದಲ್ಲ. ಯೆಶಾಯ ಯೆರೆಮೀಯರ ವಾಣಿಯನ್ನು ಅವರು ಪ್ರತಿ ವರ್ಷವೂ ದೇವಾಲಯದಲ್ಲಿ ಓದುತ್ತಾರೆ. ಆದರೆ ಅವರ ನಂಬಿಕೆಯಲ್ಲಿ ಪ್ರವಾದಿಗಳ ಸಾಲು ತನ್ನನ್ನು ಮೀರಿದ ಒಬ್ಬನ ಕಡೆಗೆ ಸಾಗುತ್ತದೆ. ಬಹುಕಾಲ ದೂತರನ್ನು ಕಳುಹಿಸುತ್ತಿದ್ದ ದೇವರು ಕಡೆಗೆ ತಾನೇ ಬಂದನು, ಸಂದೇಶವೇ ಶರೀರವನ್ನು ಧರಿಸಿತು. 325ರಲ್ಲಿ ನೈಸಿಯದಲ್ಲಿ ಕೂಡಿದ ಸಭೆಯು ಪುತ್ರನು ತಂದೆಯೊಡನೆ ಏಕಸ್ವರೂಪನೆಂದು ನಿರ್ಣಯಿಸಿದುದೂ, 451ರಲ್ಲಿ ಕಾಲ್ಸೆಡೋನಿನ ಸಭೆಯು ಒಬ್ಬನೇ ಕ್ರಿಸ್ತನಲ್ಲಿ ದೈವಸ್ವಭಾವವೂ ಮಾನುಷಸ್ವಭಾವವೂ ಬೆರೆಯದೆ ಬೇರ್ಪಡದೆ ಇವೆಯೆಂದು ಸಾರಿದುದೂ ತರ್ಕದ ಚಪಲದಿಂದಲ್ಲ. ಮನುಷ್ಯನ ಪಾಪವನ್ನೂ ಮರಣವನ್ನೂ ದೇವರಲ್ಲದೆ ಬೇರೆ ಯಾರು ಹೊತ್ತು ಕಳೆಯಬಲ್ಲರು ಎಂಬ ಆರ್ತತೆ ಆ ನಿರ್ಣಯಗಳ ಹಿಂದಿದೆ. ಆದುದರಿಂದಲೇ ಶಿಲುಬೆಯನ್ನು ಬಿಟ್ಟುಕೊಟ್ಟರೆ ಕ್ರೈಸ್ತನಲ್ಲಿ ಏನೂ ಉಳಿಯದು. ದೇವರು ತನ್ನ ಪ್ರಿಯಪ್ರವಾದಿಯನ್ನು ಅಂತಹ ಅವಮಾನಕ್ಕೆ ಒಪ್ಪಿಸನೆಂಬುದು ಮುಸಲ್ಮಾನನ ಭಕ್ತಿಯಾದರೆ, ಆ ಅವಮಾನವನ್ನು ದೇವರೇ ತನ್ನ ಮೇಲೆ ಎಳೆದುಕೊಂಡನೆಂಬುದು ಕ್ರೈಸ್ತನ ಭಕ್ತಿ. ಎರಡರಲ್ಲಿಯೂ ದೇವರ ಮಹಿಮೆಯೇ ಗುರಿ.

ನಮ್ಮ ಕಡೆಯ ಓದುಗನು ಇಲ್ಲಿ ಅವತಾರವನ್ನು ನೆನೆಯುವುದು ಸಹಜ. ಮಳಖೇಡವು ಟೀಕಾಚಾರ್ಯರೆಂದು ಪ್ರಸಿದ್ಧರಾದ ಜಯತೀರ್ಥರ ಹೆಸರಿನಿಂದ ಮಾಧ್ವರಿಗೆ ಕ್ಷೇತ್ರವಾಗಿದೆ. ಅವರ ನ್ಯಾಯಸುಧೆಯನ್ನು ಅಭ್ಯಾಸ ಮಾಡಿದವನಿಗೆ ಜೀವನು ಎಂದೆಂದಿಗೂ ಈಶ್ವರನಲ್ಲವೆಂಬ ಭೇದಸಿದ್ಧಾಂತವು ಪರಿಚಿತವಾದುದರಿಂದ, ಇಸ್ಲಾಮಿನ ಗೆರೆ ಏಕೆ ಅಷ್ಟು ಬಿಗಿಯಾಗಿದೆಯೆಂಬುದು ಬೇಗನೆ ಮನಸ್ಸಿಗೆ ಹತ್ತೀತು. ಅದೇ ಮಾಧ್ವನು ರಾಮಕೃಷ್ಣರನ್ನು ಸಾಕ್ಷಾತ್ ನಾರಾಯಣನೆಂದು ಪೂಜಿಸುವುದರಿಂದ ಕ್ರೈಸ್ತನ ಮಾತೂ ಅವನಿಗೆ ಪೂರ್ತಿ ವಿಚಿತ್ರವೆನಿಸದು. ಆದರೂ ಎಚ್ಚರ ಬೇಕು. ಅವತಾರದ ದೇಹ ಪ್ರಾಕೃತವಲ್ಲ, ಅದಕ್ಕೆ ನೋವಿಲ್ಲವೆಂದು ಮಾಧ್ವಮತ. ಕ್ರೈಸ್ತನ ರಕ್ಷಣೆಯಾದರೋ ಆ ನೋವು ನಿಜವಾಗಿತ್ತೆಂಬುದರ ಮೇಲೆಯೇ ನಿಂತಿದೆ. ಅವತಾರಗಳು ಯುಗಯುಗಕ್ಕೂ ಆಗುವಂತಹವು. ಕ್ರಿಸ್ತನು ಒಮ್ಮೆ ಮಾತ್ರ ಬಂದವನು. ಮೊಹರಮ್ಮಿನಲ್ಲಿ ಹಿಂದೂಗಳೂ ಪಂಜಾಗಳ ಮುಂದೆ ಹರಕೆ ಹೊತ್ತು ಪೀರಲ ದೇವರೆಂದು ಕೈಮುಗಿಯುವ ಇಲ್ಲಿನ ಹಳ್ಳಿಗಳ ರೂಢಿಯನ್ನು ನಾನು ಅತ್ಯಂತ ಪ್ರೀತಿಯಿಂದ ಕಾಣುತ್ತೇನೆ; ಆದರೆ ಪೀರರನ್ನು ದೇವರೆನ್ನುವುದನ್ನು ಕೇಳಿ ನೆರೆಯ ಮೌಲ್ವಿಗೆ ಕಳವಳವಾದರೆ ಅದನ್ನು ಹೃದಯಸಂಕೋಚವೆಂದು ತಳ್ಳಿಬಿಡುವುದೂ ಪರವಿಚಾರವನ್ನು ತಿಳಿಯದ ನಡತೆಯೇ. ಕಲಬುರಗಿಯಲ್ಲಿ 1422ರಲ್ಲಿ ದೇಹವಿಟ್ಟ ಖ್ವಾಜಾ ಬಂದೇನವಾಜರು, ಪ್ರೇಮಮಾರ್ಗದ ಅಷ್ಟು ದೊಡ್ಡ ಸಂತರಾಗಿದ್ದೂ, ದೇವರಿಗೂ ಜಗತ್ತಿಗೂ ನಡುವಣ ಅಂತರವನ್ನು ಅಳಿಸುವಂತೆ ತೋರಿದ ಸೂಫಿ ಚಿಂತಕ ಇಬ್ನ್ ಅರಬಿಯ ವಿಚಾರವನ್ನು ವಿಮರ್ಶಿಸಿದವರು.

ಕ್ರಿಸ್ತನನ್ನು ಕುರಿತ ಈ ವಿವಾದವು ನೃಪತುಂಗನ ಕಾಲಕ್ಕೆ ದೂರದ ಸುದ್ದಿಯೇನೂ ಆಗಿರಲಿಲ್ಲ. 851ರಷ್ಟರಲ್ಲಿ ಬರೆದ, ಸುಲೈಮಾನನೆಂಬ ವರ್ತಕನ ಹೆಸರಿನೊಡನೆ ಬಂದಿರುವ ಅರಬ್ಬೀ ವೃತ್ತಾಂತವು ಲೋಕದ ನಾಲ್ವರು ಮಹಾರಾಜರನ್ನು ಎಣಿಸುತ್ತದೆ: ಬಾಗ್ದಾದಿನ ಖಲೀಫ, ಚೀನದ ಅರಸು, ರೂಮಿನ ಕ್ರೈಸ್ತ ಚಕ್ರವರ್ತಿ, ನಾಲ್ಕನೆಯವನು ಬಲ್ಹರಾ, ಎಂದರೆ ವಲ್ಲಭರಾಜನಾದ ನಮ್ಮ ರಾಷ್ಟ್ರಕೂಟ. ಖಲೀಫನೂ ರೂಮಿನ ದೊರೆಯೂ ಇದೇ ಪ್ರಶ್ನೆಯ ಎರಡು ಕಡೆ ನಿಂತವರು. ಖಲೀಫರ ಪಕ್ಷವು 691ರ ಸುಮಾರಿಗೆ ಜೆರೂಸಲೇಮಿನಲ್ಲಿ ಕಟ್ಟಿಸಿದ ಬಂಡೆಯ ಗುಂಬಜಿನ ಒಳಗಡೆ, ಈಸಾ ದೇವರ ದೂತನೆಂದೂ ಮೂವರೆನ್ನಬೇಡಿರೆಂದೂ ಕ್ರೈಸ್ತರನ್ನು ಸಂಬೋಧಿಸಿ ಬರೆಯಿಸಿತು. ಆದರೆ 782ರ ಹೊತ್ತಿಗೆ ಬಾಗ್ದಾದಿನಲ್ಲಿ ಖಲೀಫ ಮಹ್ದಿಯು ಪೂರ್ವ ಕ್ರೈಸ್ತಸಭೆಯ ಧರ್ಮಾಧ್ಯಕ್ಷ ಮೊದಲನೆಯ ತಿಮೊಥೆಯನನ್ನು ಎದುರು ಕೂರಿಸಿಕೊಂಡು, ದೇವರಿಗೆ ಮಗನಿರುವುದು ಹೇಗೆ ಎಂದು ಎರಡು ದಿನ ಪ್ರಶ್ನಿಸಿದನು. ಮುಹಮ್ಮದರು ಪ್ರವಾದಿಗಳ ಹಾದಿಯಲ್ಲಿ ನಡೆದವರೆಂದು ತಿಮೊಥೆಯನು ಗೌರವದಿಂದ ನುಡಿದನು. ಸುವಾರ್ತೆಗಳು ಅವರ ಬರವನ್ನು ಮುನ್ನುಡಿದಿವೆಯೆಂಬುದನ್ನು ಮಾತ್ರ ಒಪ್ಪಲಿಲ್ಲ. ಇರುಳಿನ ಕತ್ತಲೆಮನೆಯಲ್ಲಿ ಒಂದು ಮುತ್ತು ಬಿದ್ದಿದೆ, ಪ್ರತಿಯೊಬ್ಬನೂ ತನ್ನ ಕೈಯಲ್ಲಿರುವುದೇ ಅದೆಂದು ನಂಬಿದ್ದಾನೆ, ಬೆಳಗಾದಾಗ ತಿಳಿದೀತು ಎಂದು ಅವನಿತ್ತ ದೃಷ್ಟಾಂತ ಪ್ರಸಿದ್ಧವಾಗಿದೆ. ಮುತ್ತು ತಮ್ಮ ಕೈಯಲ್ಲಿದೆಯೆಂಬ ತನ್ನ ನಿಶ್ಚಯವನ್ನೂ ಅವನು ಅಡಗಿಸಲಿಲ್ಲ. ಇದಕ್ಕಿಂತ ಕವಿರಾಜಮಾರ್ಗದ ಪದ್ಯಕ್ಕೆ ಸಮೀಪವಾದ ಸಂವಾದವನ್ನು ನಾನು ಕಾಣೆ: ಯಾರೂ ಸೋಲಲಿಲ್ಲ, ಯಾರೂ ತಮ್ಮದನ್ನು ತೆಳುಮಾಡಿಕೊಳ್ಳಲಿಲ್ಲ, ಅರಸನೇ ಎದುರಾಳಿಯಾಗಿದ್ದರೂ ಧರ್ಮಾಧ್ಯಕ್ಷನು ನಿರ್ಭಯನಾಗಿ ಮನೆಗೆ ಮರಳಿದನು.

ರಾಷ್ಟ್ರಕೂಟರ ರಾಜ್ಯದಲ್ಲಿ ಆ ಸೈರಣೆಯ ಗುಣ ಎಷ್ಟರಮಟ್ಟಿಗೆ ನಡೆವಳಿಯಾಗಿತ್ತು? ಬಲ್ಹರಾನ ನಾಡಿನಲ್ಲಿ ಇಸ್ಲಾಮಿಗೆ ಗೌರವವೂ ರಕ್ಷಣೆಯೂ ಇದ್ದುವೆಂದು, ಅಲ್ಲಿ ಮಸೀದಿಗಳಿದ್ದುವೆಂದು ಹತ್ತನೆಯ ಶತಮಾನದ ಅಲ್ ಮಸೂದಿ ಬರೆದಿದ್ದಾನೆ. ಪಶ್ಚಿಮ ಕರಾವಳಿಯ ವ್ಯಾಪಾರದ ಲಾಭವು ಈ ಔದಾರ್ಯಕ್ಕೆ ನೆರವಾಗಿದ್ದಿರಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಲಾಭವು ಜತೆಗಿದ್ದ ಮಾತ್ರಕ್ಕೆ ಔದಾರ್ಯವು ಸುಳ್ಳಾಗದು. ಅದೇ ಕರಾವಳಿಯ ಚಿಂಚಣಿಯಲ್ಲಿ ದೊರೆತ, ಮೂರನೆಯ ಇಂದ್ರನ ಕಾಲದ 926ರ ತಾಮ್ರಪಟಗಳು ಮಧುಮತಿಯೆಂಬ ತಾಜಿಕನನ್ನು ಹೆಸರಿಸುತ್ತವೆ. ತಾಜಿಕರೆಂದರೆ ಅರಬರು, ಮಧುಮತಿಯೆಂಬುದು ಮುಹಮ್ಮದನೆಂಬುದರ ಸಂಸ್ಕೃತರೂಪವೆಂದು ಪಂಡಿತರ ಮತ. ಎರಡನೆಯ ಕೃಷ್ಣನು ಈತನಿಗೆ ಸಂಜಾನ ಮಂಡಲದ ಅಧಿಕಾರವನ್ನು ಒಪ್ಪಿಸಿದ್ದನು. ಈತನು ನದಿ ದಾಟುವವರಿಗೆ ದೋಣಿಗಳನ್ನೂ ಹಸಿದವರಿಗೆ ಅನ್ನಸತ್ರವನ್ನೂ ಏರ್ಪಡಿಸಿದನು; ಬ್ರಾಹ್ಮಣನೊಬ್ಬನು ಕಟ್ಟಿಸಿದ ಮಠಕ್ಕೂ ಅಲ್ಲಿಯ ಭಗವತಿಯ ನೈವೇದ್ಯಕ್ಕೂ ಭೂಮಿ ಸಂದುದು ಈತನ ಆಡಳಿತದಲ್ಲಿ. ದೇವರಿಗೆ ಪಾಲುಗಾರರಿಲ್ಲವೆಂಬ ಮತದಲ್ಲಿ ಹುಟ್ಟಿದ ಅಧಿಕಾರಿ ಮಾನ್ಯಖೇಟದ ಅರಸನ ಪರವಾಗಿ ಆ ನೈವೇದ್ಯವನ್ನು ನಡೆಯಿಸಿಕೊಟ್ಟನು. ಅದಕ್ಕಾಗಿ ಆತನು ತನ್ನ ಮತವನ್ನು ಬಿಡಬೇಕೆಂದು ಯಾರೂ ಕೇಳಿದುದಾಗಿ ಶಾಸನದಲ್ಲಿಲ್ಲ.