ಎರಡು ಮನೆಯ ಚುಕ್ಕಿ

ಮಗಳು ಹೆರಿಗೆಗೆಂದು ತವರಿಗೆ, ಆದೋನಿಗೆ ಬಂದಿದ್ದಳು. 2019ರ ಸಂಕ್ರಾಂತಿಯ ರಾತ್ರಿ ಒಂಬತ್ತು ದಾಟಿದ ಮೇಲೆ ಮೊಮ್ಮಗಳು ಹುಟ್ಟಿದಳು. ಆರು ವರ್ಷವಾದ ಮೇಲೆ ಅಳಿಯಂದಿರು ಆ ಹೊತ್ತಿನ ಆಕಾಶವನ್ನೇ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ ತಂದುಕೊಟ್ಟರು. ಕಡುನೀಲಿ ಹಿನ್ನೆಲೆ, ಅದರ ಮೇಲೊಂದು ದೊಡ್ಡ ವೃತ್ತ, ವೃತ್ತದ ತುಂಬ ಬಂಗಾರದ ಚುಕ್ಕಿಗಳು, ಚುಕ್ಕಿಯಿಂದ ಚುಕ್ಕಿಗೆ ಕೂದಲೆಳೆಯಂಥ ಗೆರೆ. ಕೆಳಗೆ ನಮ್ಮೂರಿನ ಹೆಸರು, ಅಕ್ಷಾಂಶ, ರೇಖಾಂಶ.

ಕಾಗದ ಪೂರಾ ಹತ್ತಿಯದಂತೆ. ಬಹುಕಾಲ ಹಳದಿಯಾಗದೆ ಉಳಿಯಲೆಂದು ಇಂಥ ಕಲಾಮುದ್ರಣಕ್ಕೆ ಮರದ ತಿರುಳಿನ ಬದಲು ಹತ್ತಿಯ ನಾರಿನ ಕಾಗದ ಬಳಸುತ್ತಾರೆ. ಜಿನ್ನಿಂಗ್ ಆದ ಮೇಲೂ ಬೀಜಕ್ಕೆ ಅಂಟಿಕೊಂಡಿರುವ ಗಿಡ್ಡ ಎಳೆಗಳಿಂದಲೂ ಅದನ್ನು ಮಾಡುತ್ತಾರೆ. ಹತ್ತಿ ಮಾರ್ಕೆಟ್ಟಿನ ಊರಲ್ಲಿ ಹುಟ್ಟಿದ ಮಗುವಿನ ಆಕಾಶ ಹತ್ತಿಯ ಮೇಲೆಯೇ ಬಂತಲ್ಲ ಎಂದು ನನಗೆ ಹಿಗ್ಗಾಯಿತು.

ವೃತ್ತದ ನಟ್ಟನಡುವೆ ರೋಹಿಣಿ. ಅದು ಅಲ್ಲಿ ಕೂತದ್ದು ಚಂದಕ್ಕಲ್ಲ. ಖಗೋಳದ ನಡುಗೆರೆಯಿಂದ ರೋಹಿಣಿ ಹದಿನಾರೂವರೆ ಡಿಗ್ರಿ ಬಡಗಣಕ್ಕಿದೆ; ಭೂಮಿಯ ನಡುಗೆರೆಯಿಂದ ಆದೋನಿ ಹದಿನೈದೂವರೆ ಡಿಗ್ರಿಗೆ ಸ್ವಲ್ಪ ಮೇಲಿದೆ. ಹಾಗಾಗಿ ಆ ಚುಕ್ಕಿ ದಿನಕ್ಕೊಮ್ಮೆ ನಮ್ಮ ನೆತ್ತಿಯ ಮೇಲೇ ಹಾದುಹೋಗುತ್ತದೆ. ತಪ್ಪಿದರೆ, ಕೈಚಾಚಿ ಹಿಡಿದ ಕಿರುಬೆರಳಿನ ಅಗಲದಷ್ಟು. ಸಂಕ್ರಾಂತಿಯ ಹೊತ್ತಿಗೆ ಆ ಗಳಿಗೆ ಬರುವುದು ರಾತ್ರಿ ಒಂಬತ್ತೂಕಾಲರ ಸುಮಾರಿಗೆ. ಇಷ್ಟು ವರ್ಷ ಇದೇ ಮಾಳಿಗೆಯ ಮೇಲೆ ಮಲಗಿ ಎದ್ದವಳು ನಾನು. ಇದನ್ನು ತಿಳಿಯಲು ಅಚ್ಚಾದ ಹಾಳೆಯೊಂದು ಮನೆಗೆ ಬರಬೇಕಾಯಿತು.

ನಮ್ಮ ರೈತರಿಗೆ ರೋಹಿಣಿ ಗೊತ್ತಿರುವುದು ಬೇರೆ ದಾರಿಯಿಂದ. ಮೇ ಕೊನೆಗೆ ಕನ್ನಡದವರು ರೋಹಿಣಿ ಮಳೆ ಎನ್ನುತ್ತಾರೆ, ತೆಲುಗಿನವರು ರೋಹಿಣಿ ಕಾರ್ತೆ ಎನ್ನುತ್ತಾರೆ. ಆಗ ಸೂರ್ಯ ಅದರ ಪಕ್ಕದಲ್ಲೇ ಇರುವುದರಿಂದ ಚುಕ್ಕಿ ಕಾಣುವುದೇ ಇಲ್ಲ. ಮೊದಲ ಮಳೆ ಬಿದ್ದರೆ ಜೊನ್ನಗಿರಿ, ತುಗ್ಗಲಿ ಕಡೆಯ ಹೊಲಗಳಲ್ಲಿ ಜನ ವಜ್ರ ಹುಡುಕುತ್ತ ಬಗ್ಗಿ ನಡೆಯುತ್ತಾರೆ. ಕಾಣದ ಚುಕ್ಕಿಯ ಹೆಸರಿನ ಮಳೆಯಲ್ಲಿ ಎಲ್ಲರ ಕಣ್ಣೂ ನೆಲದ ಮೇಲೆ.

ಚುಕ್ಕಿ ಎಂಬ ಮಾತೇ ನನಗೆ ಪ್ರೀತಿ. ಕನ್ನಡದಲ್ಲಿ ಅದು ನಕ್ಷತ್ರವೂ ಹೌದು, ರಂಗೋಲಿಯ ಬೊಟ್ಟೂ ಹೌದು. ತೆಲುಗಿನ ಚುಕ್ಕ ಎಂಬುದಕ್ಕೂ ಇವೇ ಎರಡು ಅರ್ಥ. ಧನುರ್ಮಾಸದಲ್ಲಿ ನಮ್ಮವ್ವ ಅಂಗಳಕ್ಕೆ ನೀರು ಹಾಕಿ ಮೊದಲು ಚುಕ್ಕಿ ಇಡುತ್ತಿದ್ದಳು, ಆಮೇಲೆ ಗೆರೆ. ಎದುರುಮನೆಯ ತೆಲುಗಿನ ಅತ್ತೆ ಅಷ್ಟೇ ಚುಕ್ಕಿ ಇಟ್ಟು ಬೇರೆಯೇ ಮುಗ್ಗು ತೆಗೆಯುತ್ತಿದ್ದರು. ಯಾರದು ಸರಿ ಎಂದು ಬೀದಿಯಲ್ಲಿ ಯಾರೂ ಕೇಳಲಿಲ್ಲ.

ಆಕಾಶದಲ್ಲಿಯೂ ಚುಕ್ಕಿಯಷ್ಟೇ ಮೊದಲಿನಿಂದ ಇದ್ದದ್ದು, ಗೆರೆ ಮನುಷ್ಯರದು. ಗ್ರೀಕರ ಸಾರಥಿ ಕನ್ನಡದ ಖಗೋಳ ಪುಸ್ತಕಗಳಲ್ಲಿ ವಿಜಯಸಾರಥಿಯಾದ. ಅವರ ರಾಜಕುಮಾರಿ ನಮ್ಮಲ್ಲಿ ದ್ರೌಪದಿ. 1603ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಯೋಹಾನ್ ಬೇಯರ್ ಎಂಬ ವಕೀಲ ‘ಊರಾನೊಮೆಟ್ರಿಯಾ’ ಎಂಬ ಆಕಾಶಪಟಗಳ ಪುಸ್ತಕ ತಂದ. 51 ಫಲಕಗಳು, ತಾಮ್ರದ ಹಲಗೆಗಳ ಮೇಲೆ ಅವನ್ನು ಕೊರೆದವನು ಅಲೆಕ್ಸಾಂಡರ್ ಮೇಯರ್. ಲೆಕ್ಕ ತಪ್ಪಬಾರದು, ಕಣ್ಣಿಗೂ ತಣಿವಾಗಬೇಕು ಎಂಬ ಇಂದಿನ ಈ ಮುದ್ರಣಗಳ ಆಸೆ ಅಲ್ಲಿ ಆಗಲೇ ಇತ್ತು. ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಚುಕ್ಕಿ. ನಮ್ಮವರು ಅದನ್ನು ಅಗ್ನಿ ಎಂದರು, ಅರಬ್ಬರ ಹೆಸರು ಎಲ್ನಾತ್. ಬೇಯರ್ ಅದಕ್ಕೆ ಎರಡು ಗುರುತು ಕೊಟ್ಟ: ವೃಷಭದ ಬೀಟಾ, ವಿಜಯಸಾರಥಿಯ ಗಾಮಾ. ಗೂಳಿಯ ಕೊಂಬಿನ ತುದಿಯೂ ಅದೇ, ಸಾರಥಿಯ ಕಾಲೂ ಅದೇ.

ಮುಂದೆ ಇಂಥ ಎರಡು ಲೆಕ್ಕ ಖಗೋಳಜ್ಞರಿಗೆ ತೊಡಕಾಯಿತು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟಕ್ಕಾಗಿ ಬೆಲ್ಜಿಯಂನ ಯೂಜೀನ್ ಡೆಲ್ಪೋರ್ಟ್ 88 ನಕ್ಷತ್ರಪುಂಜಗಳಿಗೂ ಗಡಿ ಎಳೆದರು. 1930ರಲ್ಲಿ ಅದು ಪ್ರಕಟವಾಯಿತು. ಎಲ್ನಾತ್ ವೃಷಭಕ್ಕೆ ಸೇರಿತು.

ಇದನ್ನು ಓದುವಾಗ ನಮ್ಮೂರು ನೆನಪಾಗದೆ ಹೇಗಿದ್ದೀತು? 1953ರ ಅಕ್ಟೋಬರ್ 1ರಂದು ಮದ್ರಾಸಿನ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದೋನಿ, ಆಲೂರು, ರಾಯದುರ್ಗ ಹೊಸ ಆಂಧ್ರ ರಾಜ್ಯಕ್ಕೆ ಹೋದವು, ಉಳಿದದ್ದು ಮೈಸೂರಿಗೆ ಬಂತು. ಗಡಿ ಬೇಡವೆಂದು ನಾನು ಹೇಳುವುದಿಲ್ಲ. ಯಾವ ಊರಿನ ಕಂದಾಯ ಯಾರಿಗೆ, ಯಾವ ಚುಕ್ಕಿ ಯಾವ ಪಟ್ಟಿಯಲ್ಲಿ ಎಂದು ಯಾರಾದರೂ ಬರೆದಿಡಲೇಬೇಕು. ನೋವಾಗುವುದು ಗಡಿಯ ಗೆರೆ ಒಳಗಿನ ಗೆರೆಯನ್ನೂ ಅಳಿಸಲು ಹೊರಟಾಗ. ಮಗಳನ್ನು ಶಾಲೆಗೆ ಸೇರಿಸುವ ದಿನ ಫಾರಮಿನಲ್ಲಿ ಮಾತೃಭಾಷೆಗೆ ಒಂದೇ ಖಾನೆ ಇತ್ತು. ಅಂಗಳದಲ್ಲಿ ತೆಲುಗು, ಅಡಿಗೆಮನೆಯಲ್ಲಿ ಕನ್ನಡ ಆಡುವ ಮಗು ಪಕ್ಕದಲ್ಲಿ ನಿಂತಿತ್ತು. ಕನ್ನಡ ಎಂದು ಬರೆದೆ. ಮನೆಯಲ್ಲಿ ಆ ದಿನದಿಂದ ಅವಳ ಬಾಯಿಗೆ ತೆಲುಗು ಬಂದಾಗಲೆಲ್ಲ ತಿದ್ದತೊಡಗಿದೆ. ಆ ತಪ್ಪು ನನ್ನದೇ, ಖಾನೆ ನನಗೆ ತಿದ್ದಲು ಹೇಳಿರಲಿಲ್ಲ.

ಆಕಾಶಪಟ ಮಾಡುವವರು ಈ ತಪ್ಪು ಮಾಡಲಿಲ್ಲ. ತೊಂಬತ್ತು ವರ್ಷಕ್ಕೂ ಹಿಂದೆಯೇ ಎಲ್ನಾತ್ ವೃಷಭದ್ದೆಂದು ತೀರ್ಮಾನವಾಗಿದ್ದರೂ, ಅಳಿಯಂದಿರು ತಂದ ಈ ಪಟದಲ್ಲಿ ಸಾರಥಿಯ ಗೆರೆ ಗಡಿ ದಾಟಿ ಅದನ್ನು ಮುಟ್ಟಿ ಹಿಂತಿರುಗುತ್ತದೆ. ಮುಟ್ಟದಿದ್ದರೆ ಅವನ ಐದು ಮೂಲೆಯ ಮನೆ ಮುಚ್ಚುವುದೇ ಇಲ್ಲ.

ಪಟದಲ್ಲಿ ಕೊರತೆಯೂ ಇದೆ. ರೋಹಿಣಿ ಎಂದರೇ ಕೆಂಪಿನವಳು. ಎಲ್ಲವನ್ನೂ ಬಂಗಾರ ಮಾಡಿದ್ದರಲ್ಲಿ ಆ ಕೆಂಪು ಹೋಯಿತು. ಗೋಡೆಯ ಮೇಲೆ ನೋಡಿದರೆ ಮೂಡಣ ಎಡಕ್ಕೆ, ಪಡುವಣ ಬಲಕ್ಕೆ. ಮೊಮ್ಮಗಳು ಅದನ್ನು ಕಂಡು, ತಪ್ಪಾಗಿ ಅಚ್ಚಾಗಿದೆ ಎಂದಳು. ತಪ್ಪಲ್ಲ, ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ನೋಡಬೇಕು. ಆಗ ದಿಕ್ಕು ತಾವಾಗಿ ಕೂಡಿಕೊಳ್ಳುತ್ತವೆ. ಗೋಡೆಯಿಂದ ಇಳಿಯದ ಆಕಾಶಪಟ ಬರೀ ಅಲಂಕಾರ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆಗಲೇ.

ಈ ಸಂಕ್ರಾಂತಿಗೆ ಇಳಿಸಿದೆವು. ಟಾರ್ಚಿನ ಬೆಳಕು ಕಣ್ಣಿಗೆ ಹೊಡೆಯದಂತೆ ಕೆಂಪು ಬಟ್ಟೆ ಕಟ್ಟಿಕೊಂಡು ಮಾಳಿಗೆ ಹತ್ತಿದೆವು. ಊರಿನ ದೀಪಗಳಿಗೆ ಸಣ್ಣ ಚುಕ್ಕಿಗಳೆಲ್ಲ ಅಳಿಸಿಹೋಗಿದ್ದವು, ದೊಡ್ಡವು ಉಳಿದಿದ್ದವು. ತೆಂಕಣದಲ್ಲಿ ತಗ್ಗಿನಲ್ಲಿ ಅಗಸ್ತ್ಯ. ನೆತ್ತಿಯಲ್ಲಿ ರೋಹಿಣಿ, ಕೆಂಪಗೇ. ಅಲ್ಲಿಂದ ಇಲ್ಲಿಗೆ ಬೆಳಕು ಬರಲು ಸುಮಾರು 65 ವರ್ಷ. ಈ ಹುಡುಗಿ ಹುಟ್ಟಿದ ರಾತ್ರಿ ನಮ್ಮ ಮಾಳಿಗೆಗೆ ಇಳಿದ ಬೆಳಕು ಅಲ್ಲಿಂದ ಹೊರಟದ್ದು, ಹೆಚ್ಚುಕಡಿಮೆ, ನಮ್ಮ ತಾಲ್ಲೂಕು ರಾಜ್ಯ ಬದಲಿಸಿದ ದಿನಗಳಲ್ಲಿ. ಅವಳಿಗೆ ಅದನ್ನು ಹೇಳಲಿಲ್ಲ. ಅವಳಪ್ಪ ಪಟವನ್ನು ಮೇಲೆತ್ತಿ ಹಿಡಿದಿದ್ದರು. ಅವಳು ಬಡಗಣಕ್ಕೆ ಮುಖ ಮಾಡಿ, ಬ್ರಹ್ಮಹೃದಯದಿಂದ ಸುರುಮಾಡಿ, ಬೆರಳಲ್ಲಿ ಮೂಲೆಗಳನ್ನು ಎಣಿಸುತ್ತಿದ್ದಳು. ಮೂರರವರೆಗೆ ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ. ನಾನು ತಿದ್ದಲಿಲ್ಲ. ಐದಾಯಿತು.