ಮರುಭೂಮಿಯ ನೀರಿನ ಹೊಂಡ

ಆಫ್ರಿಕಾ ಖಂಡದ ನಮೀಬಿಯಾ ದೇಶದಲ್ಲಿ ನಮೀಬ್ ಎಂಬ ಪುರಾತನ ಮರುಭೂಮಿಯಿದೆ. ಅದರ ಕರಾವಳಿಯ ಕೆಲವೆಡೆ ವರ್ಷಕ್ಕೆ 20 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ಅಲ್ಲಿಯ ಒಂದು ಜಾತಿಯ ಜೀರುಂಡೆ ಮಂಜಿನ ಹನಿಯನ್ನು ಮೈಮೇಲೆ ಹಿಡಿದು ಕುಡಿಯುತ್ತದೆ. ಅಂಥ ನೆಲದಲ್ಲಿ ಧನಿಕ ಪ್ರವಾಸಿಗರಿಗಾಗಿ ಈಜುಕೊಳ ಸಹಿತವಾದ ವಸತಿಗೃಹಗಳಿವೆ. ಕೆಲವುಗಳ ಎದುರು ಕಾಡುಪ್ರಾಣಿಗಳಿಗೆ ನೀರಿನ ಹೊಂಡ ತುಂಬಿಸಿಡುತ್ತಾರೆ. ಓರಿಕ್ಸ್ ಎಂಬ ನೀಳಕೊಂಬಿನ ಮೃಗ ಬಂದು ಕುಡಿಯುತ್ತದೆ. ಅತಿಥಿಗಳು ಜಗಲಿಯಲ್ಲಿ ಕುಳಿತು ನೋಡುತ್ತಾರೆ.

ಇದು ಜೀವದಯೆಯೋ, ಭೋಗವೋ?

ಅಕ್ಕಲಕೋಟ ತಾಲೂಕಿನ ರೈತನೂ ಬಾವಿಯ ಬಳಿಯ ಕಲ್ಲುದೋಣಿಗೆ ನೀರು ಸುರಿಯುತ್ತಾನೆ. ಸುರಿದು ಹೊಲಕ್ಕೆ ಹೋಗುತ್ತಾನೆ. ಯಾರ ದನ ಕುಡಿಯಿತೆಂದು ಕಾಯುವುದಿಲ್ಲ. ವಸತಿಗೃಹದ ನೀರಿನ ಬೆಲೆಯಾದರೋ ಅತಿಥಿಯ ಲೆಕ್ಕದಲ್ಲಿ ಸೇರಿರುತ್ತದೆ. ಲಾಭ ಬಂದದ್ದೆಲ್ಲ ಪಾಪವೆಂದರೆ ವ್ಯಾಪಾರಿಗಳು ಬದುಕುವಂತಿಲ್ಲ! ಬಾಯಾರಿದ ಜೀವಕ್ಕೆ ನೀರು ನೀರೇ. ಆದರೆ ಕೊಡುವವನ ಕರ್ಮಬಂಧವು ಅವನ ಭಾವವನ್ನು ಅನುಸರಿಸುತ್ತದೆಂಬುದು ಜಿನಮತ. ಮೇಲಾಗಿ ಒಂದೇ ಹೊಂಡಕ್ಕೆ ಪ್ರಾಣಿಗಳು ನೆರೆದಾಗ ಸುತ್ತಲಿನ ಹುಲ್ಲು ತುಳಿತಕ್ಕೆ ಸಿಕ್ಕಿ ನಾಶವಾಗುತ್ತದೆ. ಬೇಟೆಮೃಗಗಳೂ ಅಲ್ಲಿಯೇ ಹೊಂಚುತ್ತವೆ.

ದಿಗ್ವ್ರತ ಹಿಡಿದ ಶ್ರಾವಕನಿಗೆ ಅಷ್ಟು ದೂರದ ಪ್ರಯಾಣವೇ ಇಲ್ಲ. ಅವನಿಗೆ ಸೊಲ್ಲಾಪುರ ಸಮೀಪದ ನಾನ್ನಜವಿದೆ. ಅಲ್ಲಿಯ ಬಯಲಿನ ಮಾಳಢೋಕ ಪಕ್ಷಿಗಾಗಿ 1979ರಲ್ಲಿ ಅಭಯಾರಣ್ಯ ಘೋಷಿಸಲಾಯಿತು. ಈಗ ಆ ಪಕ್ಷಿಯ ದರ್ಶನವೇ ದುರ್ಲಭ. ಅದು ಇದ್ದಾಗ ಹೋಗಿ ನೋಡಿ ಬಂದವರು ಹನ್ನೂರಿನಲ್ಲಿ ಎಷ್ಟು ಮಂದಿ?