ತಂತಮ್ಮ ಮನೆಗಳ ಎದುರಿನ ಗೋಡೆ



ನೆಹೆಮೀಯನು ಯೆರೂಸಲೇಮಿನ ಪಾಳುಬಿದ್ದ ಗೋಡೆಯನ್ನು ಕಟ್ಟಿಸಿದಾಗ ಅನೇಕರು ತಂತಮ್ಮ ಮನೆಗಳ ಎದುರಿಗಿದ್ದ ಭಾಗವನ್ನು ಕಟ್ಟಿದರೆಂದು ಅವನ ಗ್ರಂಥದ ಮೂರನೆಯ ಅಧ್ಯಾಯದಿಂದ ತಿಳಿಯುತ್ತೇವೆ. ಕೆಲಸವು ಮನೆಮನೆಯದಾದರೂ ಗೋಡೆಯು ಒಂದೇ. ಒಬ್ಬನು ಬಿಟ್ಟ ಕಂಡಿಯಿಂದ ಶತ್ರುವು ನುಗ್ಗಿದರೆ ಊರೆಲ್ಲಾ ಹಾಳಾಗುವದು. ಕೃತಕ ಬುದ್ಧಿಮತ್ತೆಯೆಂಬ ಹೊಸ ಶಕ್ತಿಯು ಬೆಳೆದು ಬರುತ್ತಿರುವಾಗ ನಾವು ಮಾಡತಕ್ಕ ಸಿದ್ಧತೆಯೂ ಇಂಥದೇ ಎಂದು ನನಗೆ ತೋಚುತ್ತದೆ.

2022ನೆಯ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬದು ಹೊರಬಂದಾಗ, ಯಂತ್ರವು ಮನುಷ್ಯನಂತೆ ಉತ್ತರ ಬರೆಯುವದನ್ನು ಕಂಡು ಲೋಕವು ಬೆರಗಾಯಿತು. ಈ ವಿದ್ಯೆಗೆ ಅಸ್ತಿವಾರ ಹಾಕಿದವರಲ್ಲೊಬ್ಬರೂ 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನ ಹೊಂದಿದವರೂ ಆದ ಜೆಫ್ರಿ ಹಿಂಟನ್ನರೇ, ನಮಗಿಂತ ಬುದ್ಧಿಯುಳ್ಳ ಯಂತ್ರವು ನಮ್ಮ ಹತೋಟಿಯನ್ನು ಮೀರಬಹುದೆಂದು ಎಚ್ಚರಿಸುತ್ತಾರೆ. ಮನೆ ಕಟ್ಟಿದ ಮೇಸ್ತ್ರಿಯೇ ತೊಲೆಯ ವಿಷಯವಾಗಿ ಸಂಶಯಪಟ್ಟರೆ ಒಳಗಿರುವವರು ನಿಶ್ಚಿಂತರಾಗಿ ಮಲಗಬಹುದೋ?

ರಾಜ್ಯಗಳೂ ಕೂಡಿಬಂದದ್ದುಂಟು. 2023ನೆಯ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಭಾರತ, ಚೀನ, ಅಮೇರಿಕ ಸಹಿತವಾಗಿ 28 ದೇಶಗಳೂ ಐರೋಪ್ಯ ಒಕ್ಕೂಟವೂ ಈ ಅಪಾಯಗಳನ್ನು ಒಟ್ಟಾಗಿ ಎದುರಿಸತಕ್ಕದ್ದೆಂದು ಒಪ್ಪಿದವು. ಆದರೆ 2025ನೆಯ ಫೆಬ್ರವರಿಯಲ್ಲಿ ಫ್ರಾನ್ಸೂ ಭಾರತವೂ ಅಧ್ಯಕ್ಷತೆ ವಹಿಸಿದ ಪ್ಯಾರಿಸಿನ ಸಭೆಯಲ್ಲಿ ಅಮೇರಿಕವೂ ಬ್ರಿಟನ್ನೂ ಹೇಳಿಕೆಗೆ ಸಹಿ ಹಾಕಲಿಲ್ಲ. ತೆಕೋವದವರು ಗೋಡೆಯ ಕೆಲಸಕ್ಕೆ ಬಂದರೂ ಅವರ ದೊಡ್ಡವರು ಹೆಗಲು ಕೊಡಲಿಲ್ಲವಷ್ಟೆ. ಅವರವರಿಗೆ ಕಾರಣಗಳಿದ್ದಾವು, ಕಂಡಿಯಂತೂ ಉಳಿಯಿತು.

ಇನ್ನು ನಮ್ಮ ಮನೆಯೆದುರಿನ ಭಾಗವನ್ನು ನೋಡೋಣ. ಕುರುಡನಾದ ಇಸಾಕನನ್ನು ಯಾಕೋಬನ ಕೈಗಳು ಮೋಸಪಡಿಸಿದವು, ಅವನ ಸ್ವರವು ನಿಜವನ್ನು ಹೇಳಿತು. ಈಗಲಾದರೋ ಸ್ವರವೇ ಮೋಸಮಾಡುತ್ತದೆ. ಯಾಕಂದರೆ ಒಬ್ಬನ ಸ್ವಲ್ಪ ಮಾತು ಸಿಕ್ಕಿದರೆ ಸಾಕು, ಯಂತ್ರವು ಅವನಂತೆಯೇ ಮಾತಾಡಬಲ್ಲದು. ಪಟ್ಟಣದಲ್ಲಿ ದುಡಿಯುವ ಮಗನ ಧ್ವನಿಯಲ್ಲಿ, “ಅವ್ವಾ, ಅಪಘಾತವಾಗಿದೆ, ಬೇಗನೆ ಹಣ ಕಳುಹಿಸು” ಎಂದು ಕರೆ ಬಂದರೆ ತಾಯಿಯು ಏನು ಮಾಡಾಳು? ಆಕೆಯ ಪ್ರೀತಿಯೇ ಆಕೆಗೆ ಉರುಲಾಗುವದು. ಆದದರಿಂದ ಮನೆಯವರಿಗೆ ಮಾತ್ರ ತಿಳಿದಿರುವ ಒಂದು ಗುರುತುಮಾತನ್ನು ಈಗಲೇ ಗೊತ್ತುಮಾಡಿಕೊಳ್ಳಿರಿ. ಇಂಥ ಕರೆ ಬಂದರೆ ಫೋನನ್ನು ಇಟ್ಟು, ಮಗನ ನಂಬರಿಗೆ ನೀವೇ ತಿರುಗಿ ಮಾತಾಡಿರಿ. ಹಣ ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ತಿಳಿಸಿರಿ.

ಮಕ್ಕಳು ಪಾಠದ ಉತ್ತರಗಳನ್ನು ಯಂತ್ರದಿಂದಲೇ ಬರೆಯಿಸಿ ತರುತ್ತಾರೆಂಬ ದೂರನ್ನೂ ಕೇಳುತ್ತೇವೆ. ಯಂತ್ರವನ್ನು ಕೇಳಬಾರದೆಂದು ನಾನು ಹೇಳುವದಿಲ್ಲ. ಆದರೆ ಅದು ಕೊಟ್ಟ ಉತ್ತರವು ಸರಿಯೋ ತಪ್ಪೋ ಎಂದು ತೂಗಿನೋಡುವಷ್ಟು ವಿದ್ಯೆಯು ಮಗುವಿನ ಸ್ವಂತದ್ದಾಗಿರಬೇಕು.

ಬರುವ ಭಾನುವಾರ ಯುವಕ ಯುವತಿಯರು ಓದಲು ಬಾರದ ಹಿರಿಯರ ಮನೆಗಳಿಗೆ ಹೋಗಿ, ಗುರುತುಮಾತಿನ ಈ ಸಂಗತಿಯನ್ನು ತಿಳಿಯಪಡಿಸಲಿ. ಆ ಗೋಡೆಯನ್ನು ಕಟ್ಟುವಾಗ ಶಲ್ಲೂಮನ ಹೆಣ್ಣುಮಕ್ಕಳೂ ತಂದೆಯ ಸಂಗಡ ಕೈಹಾಕಿದ್ದರು.